ಗುಂಪಿನ ಪ್ರಶ್ನೋತ್ತರ: ಗೋಡೆಯಲ್ಲಿ ಕೂತ ಡಬಲ್ ಓವನ್

ಈ ಬಾರಿ ಹೆಚ್ಚಿನವರು ಕೇಳಿರುವುದು ಅಮೆರಿಕದ ಮನೆಗಳಲ್ಲಿ ಕ್ಯಾಬಿನೆಟ್ಟಿನೊಳಗೆ ಒಂದರ ಮೇಲೊಂದು ಕೂರಿಸಿರುವ ಕರೆಂಟಿನ ಓವನ್‌ಗಳ ಬಗ್ಗೆ. ಉತ್ತರ ಕೊಟ್ಟವರು ಅಡುಗೆಮನೆ ಉಪಕರಣಗಳ ರಿಪೇರಿಯವರು. ವೈರಿಂಗ್ ಮಾತು ಬಂದ ಕಡೆ ಗುಂಪಿನ ಎಲೆಕ್ಟ್ರಿಷಿಯನ್ ಸೇರಿಕೊಂಡಿದ್ದಾರೆ. ಶಾಖದ ಲೆಕ್ಕವೆಲ್ಲ ಫ್ಯಾರನ್‌ಹೀಟ್.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ಸರ್, ಹೊಸದಾಗಿ ತಗೊಂಡ ಹಳೇ ಮನೆ. 30 ಇಂಚಿನ ಡಬಲ್ ಓವನ್ ಇದೆ. ಗಡಿಯಾರ ಓಡುತ್ತೆ, ಒಳಗಿನ ಲೈಟ್ ಹತ್ತುತ್ತೆ, ಫ್ಯಾನೂ ತಿರುಗುತ್ತೆ. ಆದ್ರೆ ಮೇಲಿಂದೂ ಬಿಸಿ ಆಗಲ್ಲ, ಕೆಳಗಿಂದೂ ಆಗಲ್ಲ. ಓವನ್ನಿನ ಕಂಟ್ರೋಲ್ ಬೋರ್ಡ್ ಬದಲಾಯಿಸಬೇಕು ಅಂತಿದಾರೆ. ಮಾಡಿಸ್ಲಾ?

ಉತ್ತರ: ಈಗಲೇ ಬೋರ್ಡಿಗೆ ದುಡ್ಡು ಹಾಕಬೇಡಿ. ಎರಡೂ ಓವನ್ ಒಟ್ಟಿಗೆ ತಣ್ಣಗಾಗಿ ಲೈಟ್ ಮಾತ್ರ ಉಳಿದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಮನೆಯ ಕರೆಂಟಿನ ಮೇಲೆ. ಈ ಓವನ್‌ಗೆ ತಲಾ 120 ವೋಲ್ಟ್‌ನ ಎರಡು ಲೈನ್ ಬರುತ್ತವೆ. ಗಡಿಯಾರ, ಲೈಟ್, ಫ್ಯಾನಿಗೆ ಒಂದು ಲೈನ್ ಮತ್ತು ನ್ಯೂಟ್ರಲ್ ಸಾಕು. ಎಲಿಮೆಂಟ್ (ಓವನ್ನನ್ನು ಬಿಸಿ ಮಾಡುವ ಕಂಬಿ) ಕಾಯಲು ಎರಡೂ ಲೈನ್ ಸೇರಿ 240 ವೋಲ್ಟ್ ಬೇಕು. ಒಂದು ಲೈನ್ ಸತ್ತರೆ ನೀವು ಹೇಳಿದ ಲಕ್ಷಣವೇ ಕಾಣುತ್ತದೆ.

ಮನೆಯ ಕರೆಂಟ್ ಪ್ಯಾನೆಲ್‌ನಲ್ಲಿ ಓವನ್ನಿನ ಜೋಡಿ ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹುಡುಕಿ. ಟ್ರಿಪ್ ಆದ ಬ್ರೇಕರ್ ಎಷ್ಟೋ ಸಲ ಆನ್ ಇದ್ದ ಹಾಗೇ ಕಾಣುತ್ತದೆ. ಅದನ್ನು ಪೂರ್ತಿ ಆಫ್ ಕಡೆಗೆ ತಳ್ಳಿ, ಆಮೇಲೆ ಒಮ್ಮೆ ಆನ್ ಮಾಡಿ. ಮತ್ತೆ ಬಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಪದೇ ಪದೇ ಏರಿಸುತ್ತಾ ಕೂರಬೇಡಿ.

ಎಲೆಕ್ಟ್ರಿಷಿಯನ್: ಬ್ರೇಕರ್ ಸರಿ ಇದ್ದರೆ ಮೀಟರ್ ಹಿಡಿಯಬೇಕು. ಇದು ಲೈಸೆನ್ಸ್ ಇರುವವರ ಕೆಲಸ. ಅವರಿಗೂ ಒಂದು ಮಾತು: ಒಂದೊಂದೇ ಲೈನನ್ನು ನ್ಯೂಟ್ರಲ್ ಜೊತೆ ಅಳೆದು ಎರಡರಲ್ಲೂ 120 ಬಂತು ಅಂತ ತೃಪ್ತಿಪಡಬೇಡಿ. ಸತ್ತ ಲೈನಿನಲ್ಲೂ ಎಲಿಮೆಂಟ್ ಮೂಲಕ ಹಿಂದಿನಿಂದ ವೋಲ್ಟ್ ಬಂದು ಮೀಟರ್ ಮೋಸ ಮಾಡಬಹುದು. ಎರಡು ಲೈನ್‌ಗಳ ನಡುವೆ ಅಳೆಯಿರಿ. ಅಲ್ಲಿ 240 ಇಲ್ಲದಿದ್ದರೆ ದೋಷ ಓವನ್ನಿನಲ್ಲಿ ಇಲ್ಲ.

ಹಳೇ ಮನೆ ಅಂದಿರಿ, ಜಂಕ್ಷನ್ ಬಾಕ್ಸ್ ತೆರೆಸಿ ನೋಡಿ. ಗೋಡೆಯ ವೈರ್ ಅಲ್ಯೂಮಿನಿಯಂ, ಓವನ್ನಿಂದ ಬರುವುದು ತಾಮ್ರ ಆಗಿದ್ದರೆ ಎರಡನ್ನೂ ಸೇರಿಸಲೆಂದೇ ಮಾಡಿದ ಕನೆಕ್ಟರ್ ಇರಬೇಕು. ವೈರ್ ತುದಿಗೆ ತಿರುಗಿಸಿ ಕೂರಿಸುವ ಸಾಮಾನ್ಯ ಪ್ಲಾಸ್ಟಿಕ್ ಟೋಪಿ ಹಾಕಿದ್ದರೆ ಜೋಡಣೆ ಸಡಿಲವಾಗಿ, ಕಾದು, ಸುತ್ತಲಿನ ಪ್ಲಾಸ್ಟಿಕ್ ಕಂದಾಗಿರುತ್ತದೆ. ಡಬಲ್ ಓವನ್‌ಗೆ ಸಾಮಾನ್ಯವಾಗಿ 40 ಆಂಪ್ ಬ್ರೇಕರ್, 8 ಗೇಜ್ ತಾಮ್ರ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ). 30 ಆಂಪ್ ಸಾಕೆನ್ನುವ ಮಾದರಿಗೆ 10 ಗೇಜ್. ಮಾದರಿಯ ಫಲಕ ಬಾಗಿಲು ತೆರೆದಾಗ ಅಂಚಿನಲ್ಲಿ ಕಾಣುತ್ತದೆ, ಅದರಲ್ಲಿ ಬರೆದಷ್ಟೇ ಸರಿ. ಟ್ರಿಪ್ ಆಗುತ್ತದೆಂದು 30ರ ವೈರಿಗೆ 40ರ ಬ್ರೇಕರ್ ಹಾಕಿದರೆ ವೈರೇ ಗೋಡೆಯೊಳಗೆ ಕಾಯುತ್ತದೆ.

ಇನ್ನೊಂದು: 1996ರ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್ ಬಂದ ಮೇಲೆ ಹೊಸ ವೈರಿಂಗ್‌ಗೆ ನಾಲ್ಕು ವೈರ್ ಕಡ್ಡಾಯ: ಎರಡು ಲೈನ್, ನ್ಯೂಟ್ರಲ್, ಅರ್ತ್. ಅದಕ್ಕೂ ಹಳೆಯ ಮನೆಗಳಲ್ಲಿ ಮೂರೇ ವೈರ್ ಇದ್ದು, ಓವನ್ನಿನ ಲೋಹದ ಮೈಯನ್ನು ನ್ಯೂಟ್ರಲ್‌ಗೆ ಕಟ್ಟಿರುವುದುಂಟು. ಅಂಥ ಕಡೆ ನ್ಯೂಟ್ರಲ್ ಸಡಿಲವಾದರೆ ಓವನ್ನಿನ ಮೈಯೇ ಶಾಕ್ ಹೊಡೆಯುತ್ತದೆ. ಹೊಸ ಓವನ್ ಕೂರಿಸುವಾಗಲೇ ನಾಲ್ಕು ವೈರ್ ಎಳೆಸಿಬಿಡಿ.

ಪ್ರಶ್ನೆ (ಮಿನಿಯಾಪೊಲಿಸ್): ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರಲ್ಲ ಅಂತ ಓವನ್ ಒಳಗೆ ಲೈಟ್ ಹಾಕಿ ಇಡ್ತೀವಿ. ಇದು ಸೇಫಾ? ಮೇಲಿನದರಲ್ಲಿ ಇಡೋದಾ, ಕೆಳಗಿನದರಲ್ಲಾ?

ಉತ್ತರ: ಅಕ್ಕಾ, ಲೈಟಿನಿಂದ ಓವನ್‌ಗೆ ಏನೂ ಆಗುವುದಿಲ್ಲ. ಹಿಟ್ಟು ಒಳಗಿದೆ ಅನ್ನೋದು ಮರೆತುಹೋಗುವುದೇ ಅಪಾಯ. ಮನೆಯಲ್ಲಿ ಬೇರೆ ಯಾರೋ ಪಿಜ್ಜಾಗೆಂದು 425 ಒತ್ತುತ್ತಾರೆ, ಒಳಗೆ ಪ್ಲಾಸ್ಟಿಕ್ ಮುಚ್ಚಳದ ಡಬ್ಬ ಇರುತ್ತದೆ. ಡಬಲ್ ಓವನ್ನಿನಲ್ಲಿ ಇದು ಇನ್ನೂ ಸುಲಭ, ಯಾಕಂದರೆ ಎರಡಕ್ಕೂ ಒಂದೇ ಬಟನ್ ಪ್ಯಾನೆಲ್. ಕೆಳಗಿನದು ಹಚ್ಚಬೇಕು ಅಂದುಕೊಂಡ ಕೈ ಮೇಲಿನ ಬಟನ್ನಿಗೆ ಹೋಗುತ್ತದೆ.

ಹಾಗಾಗಿ ಹಿಟ್ಟಿಟ್ಟ ಕೂಡಲೇ ಪ್ಯಾನೆಲ್ ಮೇಲೆ ಅಡ್ಡಲಾಗಿ ಪೇಂಟರ್ ಟೇಪ್ ಅಂಟಿಸಿ, ಮೇಲೆ ‘ಹಿಟ್ಟಿದೆ’ ಅಂತ ಬರೆಯಿರಿ. ಕಂಟ್ರೋಲ್ ಲಾಕ್ ಇದ್ದರೆ ಅದನ್ನೂ ಹಾಕಿ. ಹೆಚ್ಚಿನವುಗಳಲ್ಲಿ ಆ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಆಯಿತು. ಪಾತ್ರೆ ಸ್ಟೀಲಿನದೇ ಇರಲಿ, ಮುಚ್ಚಳವೂ ಸ್ಟೀಲ್.

ಹಿಟ್ಟಿಗೆ ಬೇಕಾದ್ದು 85ರಿಂದ 90 ಡಿಗ್ರಿ. ಹಳೇ ಓವನ್ನಿನ 40 ವ್ಯಾಟ್ ಬಲ್ಬು ಬಾಗಿಲು ಮುಚ್ಚಿದ್ದರೆ ಅಷ್ಟು ಬೆಚ್ಚಗೆ ಮಾಡುತ್ತದೆ. ಎಲ್‌ಇಡಿ ದೀಪದ ಹೊಸ ಮಾದರಿಗಳಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಪ್ರೂಫ್ (ಬ್ರೆಡ್ ಹಿಟ್ಟು ಉಬ್ಬಿಸಲು ಕೊಟ್ಟಿರುವುದು) ಎಂಬ ಆಯ್ಕೆ ಇದ್ದರೆ ಬಳಸಿ, ಆದರೆ ಅದು ಸುಮಾರು 100 ಡಿಗ್ರಿ ಇಡುತ್ತದೆ. ರಾತ್ರಿಯಿಡೀ ಬಿಟ್ಟರೆ ಹಿಟ್ಟು ಹುಳಿ ಜಾಸ್ತಿಯಾಗಿ ನೀರೊಡೆಯುತ್ತದೆ. ಅರ್ಧ ಗಂಟೆ ಹಾಕಿ, ಆಫ್ ಮಾಡಿ, ಬಾಗಿಲು ತೆರೆಯದೆ ಬಿಡಿ. ಬೇಕ್ ಒತ್ತಿ ಕಡಿಮೆ ಶಾಖ ಇಡೋಣ ಅಂದರೆ ಹೆಚ್ಚಿನವು 170ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆ ಬಿಸಿಗೆ ಹುಳಿ ಬರಿಸುವ ಸೂಕ್ಷ್ಮಜೀವಿಗಳು ಸತ್ತು ಹಿಟ್ಟು ಅಂಚಿನಿಂದ ಬೇಯುತ್ತದೆ.

ಯಾವುದರಲ್ಲಿ ಇಡಬೇಕು ಅಂದರೆ, ನಿಮ್ಮ ಮನೆಯಲ್ಲಿ ಕಡಿಮೆ ಬಳಸುವುದರಲ್ಲಿ. ಆ ಹೊತ್ತಿಗೆ ಇನ್ನೊಂದನ್ನು ಹಚ್ಚಬೇಡಿ. ಕೆಳಗಿನದು ಕಾದರೆ ಮೇಲಿನದಕ್ಕೂ ಶಾಖ ಹತ್ತುತ್ತದೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬದಿರಲಿ, ಕೆಳಗೊಂದು ಅಂಚಿರುವ ಟ್ರೇ ಇರಲಿ. ಉಕ್ಕಿದ ಹಿಟ್ಟು ಎಲಿಮೆಂಟ್ ಮೇಲೆ ಒಣಗಿದರೆ ಮುಂದಿನ ಸಲ ಹೊಗೆ ಗ್ಯಾರಂಟಿ. ಹಸಿ ಇದ್ದಾಗಲೇ ಒದ್ದೆ ಬಟ್ಟೆಯಿಂದ ಒರೆಸಿಬಿಡಿ.

ಅದಕ್ಕೇ ಇನ್ನೊಬ್ಬರು: ನಮ್ಮಲ್ಲಿ ಪ್ಲಾಸ್ಟಿಕ್ ಡಬ್ಬ ಆಗಲೇ ಕರಗಿ ರ್ಯಾಕಿಗೆ ಅಂಟಿದೆ. ಸೆಲ್ಫ್ ಕ್ಲೀನ್ ಹಾಕಿದ್ರೆ ಹೋಗತ್ತಾ?

ಉತ್ತರ: ಖಂಡಿತ ಹಾಕಬೇಡಿ. ಸೆಲ್ಫ್ ಕ್ಲೀನ್ ಅಂದರೆ ಓವನ್ ವಿಪರೀತ ಕಾದು ಒಳಗಿನ ಜಿಡ್ಡನ್ನು ಸುಟ್ಟು ಬೂದಿ ಮಾಡುವುದು. ಪ್ಲಾಸ್ಟಿಕ್ ಹೊತ್ತಿಕೊಳ್ಳುತ್ತದೆ, ಹೊಗೆ ವಿಷ. ಬ್ರೇಕರ್ ಆಫ್ ಮಾಡಿ, ಓವನ್ ಪೂರ್ತಿ ತಣಿಯಲಿ. ಜಿಪ್ ಚೀಲದಲ್ಲಿ ಐಸ್ ತುಂಬಿ ಪ್ಲಾಸ್ಟಿಕ್ ಮೇಲೆ ಸ್ವಲ್ಪ ಹೊತ್ತು ಇಡಿ. ಗಟ್ಟಿಯಾಗಿ ಪೆಡಸಾದ ಮೇಲೆ ಮರದ ಸಟ್ಟುಗದಿಂದ ಎಬ್ಬಿಸಿದರೆ ತುಂಡುತುಂಡಾಗಿ ಬಿಡುತ್ತದೆ. ರ್ಯಾಕನ್ನು ಹೊರಗೆ ತೆಗೆದು ಮಾಡಿ. ತೆರೆದ ಎಲಿಮೆಂಟಿಗೆ ಮೆತ್ತಿಕೊಂಡಿದ್ದರೆ ಎಲಿಮೆಂಟ್ ಬದಲಿಸುವುದೇ ವಾಸಿ.

ಪ್ರಶ್ನೆ (ಪ್ಲೇನೋ, ಟೆಕ್ಸಾಸ್): ದೀಪಾವಳಿಗೆ ನೆಂಟರು ಬರ್ತಾರೆ ಅಂತ ಮೇಲಿನ ಓವನ್ ಸೆಲ್ಫ್ ಕ್ಲೀನ್‌ಗೆ ಹಾಕಿದೆ. ಈಗ ಬಾಗಿಲು ಲಾಕ್ ಆಗಿದೆ, ಪ್ಯಾನೆಲ್‌ನಲ್ಲಿ ಏನೂ ಬರ್ತಿಲ್ಲ. ಕೆಳಗಿನದೂ ಹೋಯ್ತು.

ಉತ್ತರ: ಮೇಡಂ, ಚಾಕು, ಸ್ಕ್ರೂಡ್ರೈವರ್ ಹಾಕಿ ಬಾಗಿಲು ಮೀಟಬೇಡಿ, ಗಾಜು ಒಡೆಯುತ್ತದೆ. ಮೊದಲು ನಾಲ್ಕೈದು ಗಂಟೆ ತಣಿಯಲು ಬಿಡಿ. ಆಮೇಲೆ ಬ್ರೇಕರ್ ಐದು ನಿಮಿಷ ಆಫ್ ಮಾಡಿ ಮತ್ತೆ ಆನ್ ಮಾಡಿ. ಪ್ಯಾನೆಲ್‌ಗೆ ಜೀವ ಬಂದರೆ ಲಾಕಿನ ಮೋಟಾರ್ ಒಮ್ಮೆ ತಿರುಗಿ ತಾನೇ ಬಿಡುಗಡೆ ಆಗುವ ಸಾಧ್ಯತೆ ಇದೆ.

ಬರದಿದ್ದರೆ ಬಹುತೇಕ ಥರ್ಮಲ್ ಫ್ಯೂಸ್ ಹೋಗಿರುತ್ತದೆ. ಸೆಲ್ಫ್ ಕ್ಲೀನ್‌ನಲ್ಲಿ ಒಳಗಿನ ಶಾಖ ಸುಮಾರು 880–900 ಡಿಗ್ರಿಗೆ ಏರಿ ಗಂಟೆಗಟ್ಟಲೆ ನಿಲ್ಲುತ್ತದೆ. ಡಬಲ್ ಓವನ್ನಿನಲ್ಲಿ ಕಂಟ್ರೋಲ್ ಬೋರ್ಡ್ ಇರುವುದು ಮೇಲಿನ ಓವನ್ನಿನ ನೆತ್ತಿಯ ಮೇಲೆಯೇ. ಕೂಲಿಂಗ್ ಫ್ಯಾನ್ ಧೂಳು–ಜಿಡ್ಡಿನಿಂದ ನಿಧಾನವಾಗಿದ್ದರೆ ಅಲ್ಲಿನ ಬಿಸಿ ಮಿತಿ ಮೀರಿ ಫ್ಯೂಸ್ ಕಡಿದುಕೊಳ್ಳುತ್ತದೆ, ಎರಡೂ ಓವನ್ ಒಟ್ಟಿಗೆ ಸಾಯುತ್ತವೆ. ಅದು ತನ್ನ ಕೆಲಸ ಮಾಡಿದೆ. ಫ್ಯೂಸನ್ನು ವೈರ್ ಸೇರಿಸಿ ಬೈಪಾಸ್ ಮಾಡುತ್ತೇನೆ ಅಂದವರನ್ನು ಒಳಗೆ ಬಿಡಬೇಡಿ. ಹೊಸ ಫ್ಯೂಸ್ ಹಾಕುವಾಗ ಫ್ಯಾನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ, ಎರಡು ಓವನ್‌ಗಳ ನಡುವಿನ ಗಾಳಿಯ ಸಂದು ಮುಚ್ಚಿದೆಯೇ ನೋಡಿಸಿ. ಇಲ್ಲವಾದರೆ ಹೊಸದೂ ಹೋಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಗೋಡೆಯ ಓವನ್‌ಗೆ ಸೆಲ್ಫ್ ಕ್ಲೀನ್ ಬೇಡ, ಅದರಲ್ಲೂ ಹಬ್ಬದ ಹಿಂದಿನ ದಿನ ಬೇಡವೇ ಬೇಡ. ಹಾಕಲೇಬೇಕೆಂದರೆ ರ್ಯಾಕ್‌ಗಳನ್ನು ಹೊರಗಿಡಿ, ಜಿಡ್ಡನ್ನು ಮೊದಲು ಕೈಯಲ್ಲಿ ಒರೆಸಿ, ಕಿಟಕಿ ತೆಗೆದು ಚಿಮಣಿ ಫ್ಯಾನ್ ಹಾಕಿ, ಮನೆಯಲ್ಲಿ ಸಾಕಿದ ಹಕ್ಕಿ ಇದ್ದರೆ ಬೇರೆಡೆಗೆ ಒಯ್ಯಿರಿ. ಆ ಹೊಗೆಗೆ ಹಕ್ಕಿಗಳು ಸಾಯುತ್ತವೆ.

ಕೈಯಲ್ಲಿ ತೊಳೆಯುವುದು ಕಷ್ಟವಲ್ಲ. ಅರ್ಧ ಕಪ್ ಅಡುಗೆ ಸೋಡಾಗೆ ಮೂರ್ನಾಲ್ಕು ಚಮಚ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ತಣ್ಣಗಿರುವ ಓವನ್ನಿನ ತಳ, ಗೋಡೆಗೆ ಬಳಿದು ರಾತ್ರಿ ಬಿಡಿ. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಮೂರ್ನಾಲ್ಕು ಸಲ ಒರೆಸಿ. ಎಲಿಮೆಂಟ್, ಹಿಂದಿನ ಗೋಡೆಯಿಂದ ಚಾಚಿರುವ ಪೆನ್ಸಿಲ್‌ನಂಥ ಸೆನ್ಸರ್, ಬಾಗಿಲ ಸುತ್ತಲಿನ ಗ್ಯಾಸ್ಕೆಟ್, ಈ ಮೂರನ್ನು ಮುಟ್ಟಬೇಡಿ. ಗ್ಯಾಸ್ಕೆಟ್ ನೆಯ್ದ ಗಾಜಿನ ನೂಲಿನದು. ಉಜ್ಜಿದರೆ ಎಳೆ ಬಿಡುತ್ತದೆ, ಆಮೇಲೆ ಬಿಸಿಗಾಳಿ ಅಲ್ಲಿಂದಲೇ ನುಗ್ಗಿ ಪ್ಯಾನೆಲ್, ಹ್ಯಾಂಡಲ್ ಸುಡುತ್ತದೆ.

ಪ್ರಶ್ನೆ: ತೊಳೆಯೋ ತಾಪತ್ರಯವೇ ಬೇಡ ಅಂತ ತಳಕ್ಕೆ ಫಾಯಿಲ್ ಹಾಸಬಹುದಾ?

ಉತ್ತರ: ಬೇಡ. ಈಗಿನ ಹೆಚ್ಚಿನ ಓವನ್‌ಗಳಲ್ಲಿ ಬೇಕ್ ಎಲಿಮೆಂಟ್ ತಳದ ಹಾಳೆಯ ಅಡಿಗೆ ಅಡಗಿದೆ. ಫಾಯಿಲ್ ಶಾಖವನ್ನು ಅಲ್ಲೇ ತಡೆದು ಎನಾಮಲ್ ಬಿರುಕು ಬಿಡುತ್ತದೆ, ಫಾಯಿಲ್ ಕರಗಿ ಅಂಟಿದರೆ ಬಿಡಿಸಲಾಗದು. ಸೋರುವಂಥದ್ದು ಮಾಡುವಾಗ ಕೆಳಗಿನ ರ್ಯಾಕಿನಲ್ಲಿ ಒಂದು ಟ್ರೇ ಇಡಿ.

ಪ್ರಶ್ನೆ (ಶಿಕಾಗೊ ಹತ್ತಿರ): ಕೆಳಗಿನ ಓವನ್‌ನಲ್ಲಿ ತಳದ ಕಂಬಿಯ ಒಂದು ಕಡೆ ವೆಲ್ಡಿಂಗ್ ಥರ ಬೆಳ್ಳಗೆ ಕಿಡಿ ಬಂತು. ಆಫ್ ಒತ್ತಿದ್ರೂ ನಿಲ್ಲಲಿಲ್ಲ. ಯಾಕೆ?

ಉತ್ತರ: ಇದನ್ನು ಎಲ್ಲರೂ ಗಮನಿಸಿ ಓದಿ. ಹಲವು ಮಾದರಿಗಳಲ್ಲಿ ಆಫ್ ಒತ್ತಿದರೆ ಎಲಿಮೆಂಟಿಗೆ ಹೋಗುವ ಎರಡು ಲೈನ್‌ಗಳಲ್ಲಿ ಒಂದು ಮಾತ್ರ ಕಡಿಯುತ್ತದೆ. ಒಳಗಿನ ತಂತಿ ತುಂಡಾಗಿ ಹೊರಕವಚಕ್ಕೆ ತಗುಲಿದ್ದರೆ ಇನ್ನೊಂದು ಲೈನಿನಿಂದ ಅರ್ತ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಕಿಡಿ ಕಂಬಿಯುದ್ದಕ್ಕೂ ತೆವಳುತ್ತಾ ಹೋಗುತ್ತದೆ. ಅದನ್ನು ನಿಲ್ಲಿಸುವುದು ಬ್ರೇಕರ್ ಮಾತ್ರ. ಆದ್ದರಿಂದ ಓವನ್ ಬ್ರೇಕರ್ ಯಾವುದೆಂದು ಇವತ್ತೇ ಗುರುತು ಹಾಕಿ, ಮನೆಯವರಿಗೆಲ್ಲ ತೋರಿಸಿ. ಒಳಗೆ ಬೆಂಕಿ ಕಂಡರೂ ಬಾಗಿಲು ತೆರೆಯಬೇಡಿ, ನೀರಂತೂ ಹಾಕಲೇಬೇಡಿ. ಬ್ರೇಕರ್ ಇಳಿಸಿ, ಗಾಳಿಯಿಲ್ಲದೆ ತಾನೇ ಆರುತ್ತದೆ. ಆರದೆ ಹೊಗೆ ಹೊರಗೆ ಬರುತ್ತಲೇ ಇದ್ದರೆ ಎಲ್ಲರೂ ಆಚೆ ಬಂದು 911ಕ್ಕೆ ಕರೆ ಮಾಡಿ.

ಕಾಣುವ ಎಲಿಮೆಂಟ್ ಬದಲಿಸುವುದು ಸಣ್ಣ ಕೆಲಸ. ಬ್ರೇಕರ್ ಆಫ್, ಹಿಂದಿನ ಗೋಡೆಯ ಎರಡು ಸ್ಕ್ರೂ ಬಿಚ್ಚಿ, ಎಲಿಮೆಂಟನ್ನು ಮೆಲ್ಲಗೆ ಎರಡು ಮೂರು ಇಂಚು ಮುಂದಕ್ಕೆ ಎಳೆಯಿರಿ. ವೈರ್ ಕಳಚುವ ಮುಂಚೆ ಒಂದೊಂದಕ್ಕೂ ಬಟ್ಟೆ ಕ್ಲಿಪ್ ಹಾಕಿ. ವೈರ್ ತೂತಿನೊಳಗೆ ಜಾರಿದರೆ ಇಡೀ ಓವನ್ ಹೊರಗೆಳೆಯಬೇಕಾಗುತ್ತದೆ, ಡಬಲ್ ಓವನ್ನಿನ ತೂಕ 200 ಪೌಂಡ್ ದಾಟುತ್ತದೆ. 2,500 ವ್ಯಾಟಿನ ಎಲಿಮೆಂಟ್ ಚೆನ್ನಾಗಿದ್ದರೆ ಮೀಟರ್ ತುದಿಯಿಂದ ತುದಿಗೆ ಸುಮಾರು 23 ಓಮ್ ತೋರಿಸಬೇಕು. ತುದಿಯಿಂದ ಹೊರಕವಚಕ್ಕೆ ಸಂಪರ್ಕವೇ ತೋರಿಸಬಾರದು. ವೈರಿನ ತುದಿ ಕಪ್ಪಾಗಿದ್ದರೆ ಹೊಸ ಟರ್ಮಿನಲ್ ಹಾಕದೆ ಹೊಸ ಎಲಿಮೆಂಟ್ ಸಿಕ್ಕಿಸಬೇಡಿ.

ಪ್ರಶ್ನೆ (ಸ್ಯಾನ್ ಹೋಸೆ): ಒಂದೇ ಹಿಟ್ಟಿನ ಖಾರಾ ಬಿಸ್ಕತ್ತು ಮೇಲಿನ ಓವನ್‌ನಲ್ಲಿ ಹದವಾಗತ್ತೆ, ಕೆಳಗಿನದರಲ್ಲಿ ಸೀದುಹೋಗತ್ತೆ.

ಉತ್ತರ: ಎರಡಕ್ಕೂ ಬೇರೆ ಬೇರೆ ಸೆನ್ಸರ್ ಇವೆ, ಸೆಟ್ಟಿಂಗೂ ಬೇರೆ. ಓವನ್ ಥರ್ಮಾಮೀಟರನ್ನು ನಡು ರ್ಯಾಕಿನ ನಡುವೆ ಇಟ್ಟು 350ಕ್ಕೆ ಹಾಕಿ. ಬೀಪ್ ಬಂದ ಕೂಡಲೇ ನಂಬಬೇಡಿ, ಇನ್ನೂ 20 ನಿಮಿಷ ಬಿಡಿ. ಎಲಿಮೆಂಟ್ ಹತ್ತಿ ಆರುತ್ತಾ ಶಾಖ ಏರಿಳಿಯುವುದು ಸಹಜ. ಹತ್ತು ಹತ್ತು ನಿಮಿಷಕ್ಕೆ ನಾಲ್ಕು ಸಲ ಗಾಜಿನಿಂದಲೇ ಓದಿ ಸರಾಸರಿ ತೆಗೆಯಿರಿ. 370 ಬಂದರೆ ಆ ಓವನ್ನಿನ ಸೆಟ್ಟಿಂಗ್‌ನಲ್ಲಿ 20 ಇಳಿಸಿ. ಹೆಚ್ಚಿನ ಮಾದರಿಗಳಲ್ಲಿ ಆಚೀಚೆ 30–35 ಡಿಗ್ರಿವರೆಗೆ ಬದಲಿಸಬಹುದು. ವ್ಯತ್ಯಾಸ ಅದಕ್ಕಿಂತ ದೊಡ್ಡದಿದ್ದರೆ ಸೆನ್ಸರ್ ಅಳೆಸಿ: ಅಮೆರಿಕದ ಹೆಚ್ಚಿನ ಓವನ್‌ಗಳಲ್ಲಿ ಕೋಣೆಯ ಬಿಸಿಗೆ 1,080ರಿಂದ 1,100 ಓಮ್ ಇರಬೇಕು. ಸೆನ್ಸರಿನ ತುದಿ ಟ್ರೇಗೋ ಗೋಡೆಗೋ ತಾಗಿ ಬಾಗಿದ್ದರೂ ತಪ್ಪು ಓದುತ್ತದೆ, ಮೊದಲು ಅದನ್ನು ನೋಡಿ.

ಪ್ರಶ್ನೆ: ಆಫ್ ಮಾಡಿದ ಮೇಲೂ ಫ್ಯಾನ್ ಸದ್ದು ಬರ್ತಾನೇ ಇರತ್ತೆ. ಬ್ರೇಕರ್ ಇಳಿಸಿಬಿಡ್ತೀವಿ.

ಉತ್ತರ: ಇಳಿಸಬೇಡಿ. ಅದು ಬೋರ್ಡನ್ನು ತಣಿಸುವ ಫ್ಯಾನ್, ತಣಿದ ಮೇಲೆ ತಾನೇ ನಿಲ್ಲುತ್ತದೆ. ತಣ್ಣಗಿರುವಾಗಲೂ ದಿನವಿಡೀ ತಿರುಗುತ್ತಿದ್ದರೆ ಮಾತ್ರ ರಿಪೇರಿಯವರನ್ನು ಕರೆಸಿ.

ಪ್ರಶ್ನೆ: ಮನೇಲಿ ಅಂಬೆಗಾಲಿಡೋ ಮಗು ಇದೆ.

ಉತ್ತರ: ಆ ಮಗುವಿನ ಎತ್ತರಕ್ಕೆ ಸಿಗುವುದು ಕೆಳಗಿನ ಬಾಗಿಲು. ಮಗು ನಡೆದಾಡಿ ಬುದ್ಧಿ ತಿಳಿಯುವವರೆಗೆ ದಿನದ ಬೇಕಿಂಗ್ ಮೇಲಿನದರಲ್ಲೇ ಮಾಡಿ, ಕಂಟ್ರೋಲ್ ಲಾಕ್ ಹಾಕಿಡಿ. ತೆರೆದ ಬಾಗಿಲ ಮೇಲೆ ಮಗು ಹತ್ತದಂತೆ ನೋಡಿಕೊಳ್ಳಿ, ಭಾರದ ಪಾತ್ರೆಯನ್ನೂ ಇಡಬೇಡಿ. ಓವನ್ನಿನ ಎರಡು ಬದಿಯ ಪಟ್ಟಿಯಲ್ಲಿ ಕ್ಯಾಬಿನೆಟ್ಟಿಗೆ ಕಚ್ಚಿಸಿದ ಸ್ಕ್ರೂಗಳು ಇವೆಯೇ ಎಂದು ಟಾರ್ಚ್ ಹಾಕಿ ನೋಡಿ. ಅವಿಲ್ಲದಿದ್ದರೆ ಬಾಗಿಲ ಮೇಲೆ ಭಾರ ಬಿದ್ದಾಗ ಇಡೀ ಓವನ್ ಮುಂದಕ್ಕೆ ವಾಲುತ್ತದೆ.

ಪ್ರಶ್ನೆ (ಮೈಸೂರಿಗೆ ವಾಪಸ್ ಹೊರಟವರು): ಡಬಲ್ ಓವನ್ ಶಿಪ್ಪಿಂಗ್‌ನಲ್ಲಿ ತರಬಹುದಾ? ಅಲ್ಲೂ 230 ವೋಲ್ಟ್ ಇದೆಯಲ್ಲ.

ಎಲೆಕ್ಟ್ರಿಷಿಯನ್: ವೋಲ್ಟ್ ಹತ್ತಿರವಿದ್ದರೂ ಬರುವ ರೀತಿ ಬೇರೆ. ಇಲ್ಲಿನ ಓವನ್ನಿನ ಲೈಟ್, ಫ್ಯಾನ್, ಹಲವು ಮಾದರಿಗಳಲ್ಲಿ ಬೋರ್ಡ್ ಕೂಡ ಲೈನ್–ನ್ಯೂಟ್ರಲ್ ನಡುವಿನ 120ಕ್ಕೆ ಮಾಡಿದವು. ಊರಲ್ಲಿ ಲೈನ್–ನ್ಯೂಟ್ರಲ್ ನಡುವೆಯೇ 230 ಇರುವುದರಿಂದ ಹಚ್ಚಿದ ಕೂಡಲೇ ಸುಟ್ಟುಹೋಗುತ್ತವೆ. ಇಲ್ಲೇ ಮಾರಿಬಿಡಿ. ಊರಲ್ಲಿ ಸಿಗುವ 60 ಸೆಂಟಿಮೀಟರ್ ಅಗಲದ ಬಿಲ್ಟ್ ಇನ್ ಓವನ್ ತಗೊಳ್ಳಿ. ಎರಡು ಬೇಕಿದ್ದರೆ ಒಂದೊಂದಕ್ಕೂ ಪ್ಯಾನೆಲ್‌ನಿಂದ ಬೇರೆ ಲೈನ್, ಬೇರೆ ಎಂಸಿಬಿ (ಊರಿನ ಬ್ರೇಕರ್), ಸರಿಯಾದ ಅರ್ತಿಂಗ್ ಇರಬೇಕು. 16 ಆಂಪ್ ಸಾಕೆಟ್ ತಡೆಯುವುದು ಹೆಚ್ಚೆಂದರೆ 3,680 ವ್ಯಾಟ್, ಎರಡನ್ನೂ ಒಂದಕ್ಕೇ ಸಿಕ್ಕಿಸುವಂತಿಲ್ಲ. ಕ್ಯಾಬಿನೆಟ್ ಮಾಡುವ ಮರಗೆಲಸದವರಿಗೆ ಓವನ್ ಕೈಪಿಡಿಯ ಅಳತೆ ಮೊದಲೇ ಕೊಟ್ಟು, ಹಿಂದೆ ಗಾಳಿಗೆ ಬಿಡಬೇಕಾದ ಸಂದನ್ನು ಬಿಡಿಸಿ.