ಮನೆಯಲ್ಲೇ ಕಟ್ಟಿದ ಟ್ರೇಲರ್‌ಗೆ ಸಣ್ಣ ಎಸಿ ಕೂರಿಸಿದವರು ಯಾರಾದರೂ ಇದ್ದೀರಾ?

ಪ್ರಶ್ನೆ

ಕಾರಿನ ಹಿಂದೆ ಎಳೆಯುವ ಚಿಕ್ಕ ಕ್ಯಾಂಪಿಂಗ್ ಟ್ರೇಲರ್ ಒಂದನ್ನು ನಾನೇ ಕಟ್ಟುತ್ತಿದ್ದೇನೆ. ಎಂಟು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಎತ್ತರ; ಇಬ್ಬರು ಮಲಗುವಷ್ಟು ಜಾಗ, ಅಷ್ಟೇ. ಸುತ್ತಲೂ 6 ಮಿ.ಮೀ. ಪ್ಲೈವುಡ್. ಬೇಸಿಗೆಯಲ್ಲಿ ಒಂದು ರಾತ್ರಿ ಮಲಗಿ ನೋಡಿದೆವು, ನಡುರಾತ್ರಿ ಇಬ್ಬರೂ ಹಾಸಿಗೆ ಸುತ್ತಿಕೊಂಡು ಹೊರಗೆ ಬಂದೆವು. ಈಗ 5,000 ಬಿಟಿಯು (ಗಂಟೆಗೆ ಎಷ್ಟು ಶಾಖ ಹೊರಹಾಕುತ್ತದೆ ಅನ್ನುವ ಅಳತೆ) ಕಿಟಕಿ ಎಸಿ ತಂದಿಟ್ಟಿದ್ದೇನೆ. ಹಿಂಭಾಗದ ಅಡುಗೆ ಕಪಾಟಿನೊಳಗೆ ಇಟ್ಟರೆ ಕಣ್ಣಿಗೂ ಬೀಳುವುದಿಲ್ಲ, ಮಳೆಯೂ ತಾಗುವುದಿಲ್ಲ ಅಂತ ಲೆಕ್ಕ. ಬ್ಯಾಟರಿ 100 ಆಂಪಿಯರ್ ಅವರ್‌ನದು, ಲೆಡ್ ಆ್ಯಸಿಡ್. ಹಲಗೆ ಕೊರೆಯುವ ಮೊದಲು ಮಾಡಿ ನೋಡಿದವರ ಮಾತು ಕೇಳೋಣ ಅನ್ನಿಸಿತು.

ಉತ್ತರ 1

ಗರಗಸ ಕೆಳಗಿಡಿ ಸರ್. ನೀವು ಹೇಳುತ್ತಿರುವ ಕಪಾಟಿನ ಉಪಾಯವನ್ನೇ ಮಾಡಿ ಕೈಸುಟ್ಟುಕೊಂಡವನು ನಾನು. ಮೊದಲ ಸಂಜೆ ಇಪ್ಪತ್ತು ನಿಮಿಷ ಸೊಗಸಾದ ತಂಪು. ಆಮೇಲೆ ಬರೀ ಫ್ಯಾನ್ ಗಾಳಿ. ಕಂಪ್ರೆಸರ್ 'ಟಕ್' ಅಂತ ನಿಲ್ಲುವುದು, ಸ್ವಲ್ಪ ಹೊತ್ತಿಗೆ ಮತ್ತೆ ಹೊರಡುವುದು, ಮತ್ತೆ ನಿಲ್ಲುವುದು. ಕಪಾಟಿನ ಬಾಗಿಲು ತೆಗೆದರೆ ಒಲೆಯ ಬಾಯಿಯ ಹಾಗೆ ಝಳ. ಎಸಿ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಕೆಟ್ಟಿದ್ದು ನನ್ನ ಬಡಗಿ ಕೆಲಸ.

ಕಿಟಕಿ ಎಸಿಯ ಹೊರಭಾಗದ ಎರಡು ಪಕ್ಕಗಳಲ್ಲಿ ಸೀಳುಗಳಿರುತ್ತವೆ, ನೋಡಿ. ಅಲ್ಲಿಂದ ಅದು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿ ಕಂಡೆನ್ಸರ್‌ನ (ಶಾಖ ಹೊರಬಿಡುವ ಕೊಳವೆ ಸುರುಳಿಯ) ಶಾಖ ಹೊತ್ತು ಹಿಂಬದಿಯಿಂದ ಹೊರಬೀಳುತ್ತದೆ. ಕಪಾಟಿನಲ್ಲಿ ಹಿಂದೆ ಉಗುಳಿದ್ದನ್ನೇ ಪಕ್ಕದಿಂದ ಮತ್ತೆ ನುಂಗುತ್ತದೆ. ಪ್ರತಿ ಸುತ್ತಿಗೂ ಬಿಸಿ ಏರುತ್ತದೆ, ಕೊನೆಗೆ ಓವರ್‌ಲೋಡ್ ಸ್ವಿಚ್ ಕಂಪ್ರೆಸರ್ ನಿಲ್ಲಿಸುತ್ತದೆ. ಹಿಂಬದಿಗೆ ಒಂದು ಜಾಲರಿ ಹಾಕಿದರೆ ಸಾಕು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಸಾಲದು. ಒಳಹೋಗುವ ಗಾಳಿಗೆ ಒಂದು ದಾರಿ, ಹೊರಬರುವ ಗಾಳಿಗೆ ಇನ್ನೊಂದು ದಾರಿ, ನಡುವೆ ಫೋಮ್ ಪಟ್ಟಿ ಒತ್ತಿ ಕೂರಿಸಿದ ಅಡ್ಡಹಲಗೆ ಇರಬೇಕು. ಕಿಂಡಿಯ ಅಳತೆ ಎಸಿಯ ಸ್ವಂತ ಸೀಳುಗಳಿಗಿಂತ ಕಿರಿದಾಗಬಾರದು. ಸೊಳ್ಳೆ ಪರದೆ ಹಾಕುತ್ತೀರಾದರೆ ಇನ್ನೂ ದೊಡ್ಡದು ಕೊರೆಯಿರಿ, ಪರದೆಯೇ ಜಾಗ ತಿನ್ನುತ್ತದೆ.

ನಾನು ಕಡೆಗೆ ಇದಾವುದೂ ಬೇಡ ಅಂತ ಎಸಿಯನ್ನು ಡ್ರಾಯರ್ ಹಳಿಗಳ ಮೇಲೆ ಕೂರಿಸಿದೆ. ಠಿಕಾಣಿ ಹೂಡಿದ ಮೇಲೆ ಪಕ್ಕದ ಸೀಳುಗಳು ಪೂರ್ತಿ ಬಯಲಿಗೆ ಬರುವಷ್ಟು ಎಳೆಯುವುದು, ಹೊರಡುವಾಗ ಒಳಗೆ ತಳ್ಳಿ ಮುಚ್ಚಳ ಹಾಕುವುದು. ನೋಡಲು ಚೆಂದವಿಲ್ಲ. ಆದರೆ ಮೂರು ಬೇಸಿಗೆಯಿಂದ ಒಂದು ಸಲವೂ ನಿಂತಿಲ್ಲ.

ಉತ್ತರ 2

ಎಲ್ಲರೂ ಮರೆಯುವ ಒಂದು ವಿಷಯ: ತೂಕ. ಈ ಎಸಿಗಳು 16ರಿಂದ 20 ಕಿಲೋ ತೂಗುತ್ತವೆ. ಅಡುಗೆ ಸಾಮಾನು, ನೀರಿನ ಕ್ಯಾನು ಎಲ್ಲ ಹಿಂದೆಯೇ ಇರುವಾಗ ಇದೂ ಅಲ್ಲೇ ಸೇರಿದರೆ ಮುಂದಿನ ಕೊಂಡಿಯ ಮೇಲಿನ ಭಾರ ಇಳಿಯುತ್ತದೆ. ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂತಿರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಬಾಲ ಆಡಿಸಲು ಶುರುಮಾಡುತ್ತದೆ. ನನ್ನದು ಆಡಿಸಿತ್ತು. ಆ ಅನುಭವ ಯಾರಿಗೂ ಬೇಡ. ಎಸಿ ಹಿಂದೆಯೇ ಬೇಕಾದರೆ ಬ್ಯಾಟರಿಯನ್ನು ಮೂತಿಗೆ ತನ್ನಿ, ಆಮೇಲೆ ಕೊಂಡಿಯ ಭಾರ ತೂಗಿ ನೋಡಿ.

ಉತ್ತರ 3

ಎಸಿ ಬಗ್ಗೆ ಆಮೇಲೆ ಮಾತಾಡೋಣ, ಮೊದಲು ಗೋಡೆ. 5,000 ಬಿಟಿಯು ಅಂದರೆ ಅರ್ಧ ಟನ್ನಿಗೂ ಕಡಿಮೆ (ಟನ್ನಿಗೆ 12,000), ವಾಟ್‌ನಲ್ಲಿ ಹೇಳುವುದಾದರೆ ಸುಮಾರು 1,465. ನಿಮ್ಮ ಪೆಟ್ಟಿಗೆಯ ಆರೂ ಮುಖ ಸೇರಿ 17 ಚದರ ಮೀಟರ್. ಹೊರಗಿಗಿಂತ ಒಳಗೆ 10 ಡಿಗ್ರಿ ತಂಪಿರಲಿ ಅಂದುಕೊಳ್ಳಿ. ಬರೀ 6 ಮಿ.ಮೀ. ಪ್ಲೈವುಡ್ ಮೂಲಕ ಹೆಚ್ಚುಕಡಿಮೆ 650 ವಾಟ್ ಶಾಖ ಒಳನುಗ್ಗುತ್ತದೆ. ಅದೇ ಗೋಡೆಗೆ 25 ಮಿ.ಮೀ. ಎಕ್ಸ್‌ಪಿಎಸ್ ಫೋಮ್ (ಶಾಖ ತಡೆಯುವ ಗಟ್ಟಿ ಫೋಮ್ ಹಲಗೆ) ಹಚ್ಚಿದರೆ 170ರ ಆಸುಪಾಸು. ಮಲಗಿದ ಇಬ್ಬರ ಮೈಶಾಖ ಇನ್ನೊಂದು 150. ಅಂದರೆ ಫೋಮ್ ಹಾಕಿದ ಮೇಲೆ ರಾತ್ರಿ ಹೊತ್ತು ನಿಮ್ಮ ಎಸಿಗೆ ಕಾಲುಭಾಗದಷ್ಟೇ ಕೆಲಸ.

ಹಗಲಿನ ಲೆಕ್ಕ ಬೇರೆ. ಕಡುಬಣ್ಣದ ಚಾವಣಿ ಬಿಸಿಲಿಗೆ ಕೈ ಇಡಲಾಗದಷ್ಟು ಕಾಯುತ್ತದೆ. ಬಿಳಿ ಬಣ್ಣ ಬಳಿದು, ಮೇಲೆ ಒಂದು ಗೇಣು ಬಿಟ್ಟು ತಾಡಪಾಲು ಕಟ್ಟಿ. ಮರದ ನೆರಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಎಸಿ ಇಲ್ಲ.

ಕಬ್ಬಿಣದ ಚೌಕಟ್ಟಿದ್ದರೆ ಅದನ್ನೂ ಒಳಗಿನಿಂದ ಮುಚ್ಚಿ. ನಾನು ಮುಚ್ಚಿರಲಿಲ್ಲ, ಫೋಮ್ ನಡುವಿನ ಕಬ್ಬಿಣದ ಪಟ್ಟಿಗಳಷ್ಟೇ ಬೆವರಿ, ಪ್ಲೈವುಡ್ ಮೇಲೆ ಕಪ್ಪು ಗೆರೆ ಮೂಡಿದೆ.

ಉತ್ತರ 4

ಬ್ಯಾಟರಿ ವಿಷಯಕ್ಕೆ ಬರೋಣ. ಕಂಪ್ರೆಸರ್ ಓಡುವಾಗ ಈ ಎಸಿ 450ರಿಂದ 500 ವಾಟ್ ಎಳೆಯುತ್ತದೆ, ಇನ್ವರ್ಟರ್ ತನ್ನ ಪಾಲು ಸೇರಿಸಿ 550 ಮಾಡುತ್ತದೆ. 12 ವೋಲ್ಟ್‌ನಲ್ಲಿ ಅದು 45 ಆಂಪಿಯರ್. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ, ಹಾಗಾಗಿ ನಿಮಗೆ ಸಿಗುವುದು 600 ವಾಟ್ ಅವರ್. ಎಡೆಬಿಡದೆ ಓಡಿದರೆ ಒಂದು ಗಂಟೆ ಚಿಲ್ಲರೆ. ಅದೇ 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಆದರೆ 1,280. ಫೋಮ್ ಹಾಕಿದ ನನ್ನ ಟ್ರೇಲರ್‌ನಲ್ಲಿ, ಕಂಪ್ರೆಸರ್ ಬಿಟ್ಟುಬಿಟ್ಟು ಓಡುವುದರಿಂದ, ಅದರಲ್ಲಿ ಐದು ಗಂಟೆ ದಾಟಿದೆ.

ಇನ್ನೊಂದು ತೊಡಕು, ಹೊರಡುವ ಕ್ಷಣದ ಕರೆಂಟು. ಆ ಒಂದು ಗಳಿಗೆ ಕಂಪ್ರೆಸರ್ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ನನ್ನ 800 ವಾಟ್ ಇನ್ವರ್ಟರ್ ಕಿರುಚಿ ಮಲಗಿತು. 2,000 ವಾಟ್‌ನ ಪ್ಯೂರ್ ಸೈನ್ ವೇವ್ ಇನ್ವರ್ಟರ್ (ಮನೆಯ ಕರೆಂಟಿನ ಹಾಗೆಯೇ ನಯವಾದ ಕರೆಂಟು ಕೊಡುವಂಥದ್ದು) ತಂದ ಮೇಲೆ ಸರಿಹೋಯಿತು. ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ಕೇಬಲ್ ದಪ್ಪವಿರಲಿ, ಗಿಡ್ಡವಿರಲಿ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಕೇಳಿದವರು

ಗೋಡೆಯ ಲೆಕ್ಕ ನೋಡಿ ಗಾಬರಿಯೂ ಆಯಿತು, ಸಮಾಧಾನವೂ ಆಯಿತು. ಮೊದಲು ಫೋಮ್ ತರುತ್ತೇನೆ. ಎಸಿಯಿಂದ ಇಳಿಯುವ ನೀರು ಎಲ್ಲಿಗೆ ಬಿಡುವುದು? ಎಸಿಯ ತಳಕ್ಕೆ ತೂತು ಹಾಕಿ ಪೈಪ್ ಕೊಡಲೇ?

ಉತ್ತರ 5

ತೂತು ಹಾಕಬೇಡಿ ಮಾರಾಯ್ರೇ! ಹೆಚ್ಚಿನ ಕಿಟಕಿ ಎಸಿಗಳಲ್ಲಿ ಫ್ಯಾನಿನ ಅಂಚಿನ ಬಳೆ ತಳದ ನೀರನ್ನೇ ಎತ್ತಿ ಕಂಡೆನ್ಸರ್ ಮೇಲೆ ಚಿಮ್ಮಿಸುತ್ತದೆ. ಒಳಗೆ ಪಟಪಟ ಸದ್ದು ಬಂದರೆ ಅದು ದೋಷವಲ್ಲ. ಹೆಚ್ಚಾದ ನೀರು ಹಿಂಬದಿಯಿಂದ ಬೀಳುತ್ತದೆ, ಅದರ ಕೆಳಗೊಂದು ತಟ್ಟೆ, ತಟ್ಟೆಗೆ ಪೈಪು. ಎಸಿ ಹಿಂದಕ್ಕೆ ತುಸು ಬಾಗಿರಬೇಕು. ಮನೆಯ ಕಿಟಕಿಯಾದರೆ ಒಮ್ಮೆ ಬಾಗಿಸಿದರೆ ಮುಗಿಯಿತು. ಟ್ರೇಲರ್ ನಿಲ್ಲಿಸಿದಲ್ಲೆಲ್ಲ ಇಳಿಜಾರು ಬೇರೆ. ಪ್ರತಿ ಸಲ ರಸಮಟ್ಟ ಇಟ್ಟು ನೋಡಿ. ನಾನು ನೋಡದ ದಿನ ದಿಂಬು ಒದ್ದೆಯಾಗಿತ್ತು.

ಉಸಿರಾಟದ ವಿಷಯವನ್ನು ಯಾರೂ ಹೇಳಿಲ್ಲ. ನಾಲ್ಕೂವರೆ ಘನ ಮೀಟರ್ ಗಾಳಿಯಲ್ಲಿ ಇಬ್ಬರು ಮಲಗುತ್ತೀರಿ, ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಕೆಳಗೊಂದು, ಮೇಲೊಂದು ಸಣ್ಣ ಕಿಂಡಿ ರಾತ್ರಿಯಿಡೀ ತೆರೆದಿರಲಿ. ಜನರೇಟರ್ ಬಳಸುವುದಾದರೆ ಕನಿಷ್ಠ ಆರು ಮೀಟರ್ ದೂರ, ಹೊಗೆ ಆಚೆ ಮುಖ, ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಆ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ.

ಕೇಳಿದವರು

ಸರಿ, ತೂತಿಲ್ಲ. ಡ್ರಾಯರ್ ಹಳಿ ಹಾಕಿದವರಿಗೆ ಒಂದು ಪ್ರಶ್ನೆ: ದಾರಿಯಲ್ಲಿ ಎಸಿ ಜಾರದಂತೆ ಏನು ಮಾಡಿದ್ದೀರಿ?

ಉತ್ತರ 1 ಬರೆದವರು

ಮೊದಲು ಬಾಗಿಲ ಚಿಲಕ ಒಂದೇ ಇತ್ತು. ಹಳ್ಳದ ರಸ್ತೆಯಲ್ಲಿ ಅದು ಬಿಚ್ಚಿ, ಎಸಿ ಒಂದು ಗೇಣು ಹೊರಗೆ ಬಂದಿದ್ದನ್ನು ಹಿಂದಿನ ಕಾರಿನವರು ಹಾರ್ನ್ ಹೊಡೆದು ತೋರಿಸಿದರು. ಈಗ ಎರಡೂ ಬದಿಗೆ ತೂರುವ ಪಿನ್ನು, ಪಿನ್ನಿಗೆ ಕ್ಲಿಪ್ಪು, ತಳಕ್ಕೆ ದಪ್ಪ ರಬ್ಬರ್ ಹಾಳೆ. ಎಸಿಯ ಭಾರವೆಲ್ಲ ಹಳಿಯ ಕೆಳಗಿನ ಹಲಗೆಯ ಮೇಲಿರಲಿ, ಅಂಚಿನ ಸ್ಕ್ರೂಗಳಿಗೆ ಜೋತುಬಿಡಬೇಡಿ. ಕುಲುಕಿ ಕುಲುಕಿ ಒಳಗಿನ ತಾಮ್ರದ ಕೊಳವೆ ಬಿರುಕುಬಿಡುತ್ತದೆ. ಮತ್ತೆ ಸ್ಕ್ರೂ ಕೊರೆಯುವಾಗ ಆ ಕೊಳವೆ ಎಲ್ಲಿದೆ ಅಂತ ಟಾರ್ಚ್ ಬಿಟ್ಟು ನೋಡಿಕೊಳ್ಳಿ. ಹಳಿಯ ಫೋಟೋ ನಾಳೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ.