ಸಹಾಯ ಬೇಕು: ವ್ಯಾಂಕೂವರ್ ಚೈನೀಸ್ ಗಾರ್ಡನ್, ಅಮ್ಮನಿಗೆ ಮಂಡಿನೋವು

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಅಮ್ಮ ಬಂದಿದ್ದಾರೆ. ಇಲ್ಲಿನ ಚೈನಾಟೌನ್‌ನಲ್ಲಿರುವ ಡಾ. ಸನ್ ಯಾಟ್-ಸೆನ್ ಗಾರ್ಡನ್ ತೋರಿಸಬೇಕು ಅಂತ ನನಗೆ ತುಂಬಾ ಆಸೆ. ಚೀನಾದ ಸುಝೌನಿಂದ ಬಂದ 52 ಜನ ಕೆಲಸಗಾರರು ಕಟ್ಟಿದ ತೋಟ ಅದು, 1986ರಲ್ಲಿ ತೆರೆದದ್ದು. ನಮ್ಮ ತಾತ ಮರಗೆಲಸ ಮಾಡುತ್ತಿದ್ದವರು. ಮೊಳೆಯಿಲ್ಲದೆ ಕಂಬ, ತೊಲೆ ಕೂಡಿಸಿರುವುದನ್ನು ಅಮ್ಮ ಹತ್ತಿರದಿಂದ ನೋಡಲೇಬೇಕು.

ಆದರೆ ಅಮ್ಮನಿಗೆ ಮಂಡಿನೋವು, ಕೋಲು ಹಿಡಿದೇ ನಡೆಯುತ್ತಾರೆ. ಟಿಕೆಟ್ ಇರುವ ತೋಟದ ಅಂಗಳದಲ್ಲಿ ಸಣ್ಣ ಸಣ್ಣ ಹೊಳೆಗಲ್ಲು ಒತ್ತೊತ್ತಾಗಿ ಕೂರಿಸಿ ಚಿತ್ತಾರ ಮಾಡಿದ್ದಾರೆ. ನೋಡೋಕೆ ಚೆಂದ, ಆದರೆ ಕೋಲು ಜಾರಿದರೆ ಅಂತ ಭಯ. ಪಕ್ಕದಲ್ಲೇ ಅದೇ ಹೆಸರಿನ ಉಚಿತ ಪಾರ್ಕ್ ಇದೆ. ಅಲ್ಲೂ ಕೊಳ ಇದೆ, ಮಂಟಪ ಇದೆ.

ವಿಡಿಯೋಗಳನ್ನೆಲ್ಲ ನೋಡಿದೆ. ಎಲ್ಲರೂ ಕೊಳ, ಮೀನು ತೋರಿಸುತ್ತಾರೆ, ನೆಲ ಯಾರೂ ತೋರಿಸಲ್ಲ. ನನ್ನ ಆಫೀಸಿನವರು ಪಾರ್ಕ್ ಸಾಕು ಅಂತಾರೆ. ಪಕ್ಕದ ಮನೆಯವರು ಟಿಕೆಟ್ ತಗೊಂಡು ಒಳಗೆ ಹೋಗದಿದ್ದರೆ ಮರಗೆಲಸ ಸರಿಯಾಗಿ ಕಾಣಲ್ಲ ಅಂತಾರೆ.

ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ. ಟಿಕೆಟ್ ತೋಟದೊಳಗೆ ಹೊಳೆಗಲ್ಲು ತುಳಿಯದೆ, ಮೆಟ್ಟಿಲು ಹತ್ತದೆ ದೊಡ್ಡ ಮಂಟಪದವರೆಗೆ ಹೋಗೋಕೆ ದಾರಿ ಇದೆಯಾ? ಮಧ್ಯೆ ಕೂರೋಕೆ ಜಾಗ ಸಿಗುತ್ತಾ?