ಮನೆ ಶೆಡ್ಡಿಗೆ ಮೊದಲು ಯಾವ ಟೂಲ್ಸ್ ತಗೊಳ್ಳೋದು?

ಸುಂಟಿಕೊಪ್ಪದಿಂದ:
ಎಲ್ಲರಿಗೂ ನಮಸ್ಕಾರ. ಮನೆ ಪಕ್ಕದಲ್ಲೇ ಗಾಡಿ ನಿಲ್ಲಿಸಲು ಶೆಡ್ ಹಾಕಿಸಿದ್ದೇವೆ. ಒಂದು ಹಳೆಯ ಸ್ವಿಫ್ಟ್ ಇದೆ, ಜೊತೆಗೆ ತಾತನ ಕಾಲದ ವಿಲ್ಲಿಸ್ ಜೀಪು. ಕಾಫಿ ಕೊಯ್ಲು ಶುರುವಾದರೆ ಮೆಕ್ಯಾನಿಕ್ ಕೈಗೆ ಸಿಗೋದೇ ಇಲ್ಲ. ಸಣ್ಣಪುಟ್ಟ ಕೆಲಸ ನಾವೇ ಮಾಡಿಕೊಳ್ಳೋಣ ಅಂತ ಯೋಚನೆ. ಹತ್ತು ಸಾವಿರದೊಳಗೆ ಏನೇನು ತಗೊಳ್ಳಬಹುದು? ಆನ್‌ಲೈನ್‌ನಲ್ಲಿ 108 ಪೀಸಿನ ಪೆಟ್ಟಿಗೆಯೊಂದನ್ನು ನೋಡಿಟ್ಟಿದ್ದೇನೆ. ನಿಮ್ಮ ಅನುಭವ ಹೇಳಿ.

ಸೋಮವಾರಪೇಟೆಯಿಂದ:
ಆ ಪೆಟ್ಟಿಗೆ ಸದ್ಯಕ್ಕೆ ಬಿಡಿ. ಅಂಥದ್ದರಲ್ಲಿ ಅರ್ಧಕ್ಕರ್ಧ ಸ್ಕ್ರೂಡ್ರೈವರ್ ಬಿಟ್‌ಗಳೇ ಇರುತ್ತವೆ, ಲೆಕ್ಕ ತುಂಬಿಸಲು. ಒಂದು ಸೆಟ್ ರಿಂಗ್ ಸ್ಪ್ಯಾನರ್ (ಬಾಯಿ ಬಳೆಯಂತೆ ಮುಚ್ಚಿರುವುದು), ಒಂದು ಸೆಟ್ ಓಪನ್ ಸ್ಪ್ಯಾನರ್ (ಬಾಯಿ ತೆರೆದಿರುವುದು), ಅರ್ಧ ಇಂಚು ಡ್ರೈವಿನ, ಅಂದರೆ ಹ್ಯಾಂಡಲ್ ಸಿಕ್ಕಿಸುವ ಚೌಕ ಅರ್ಧ ಇಂಚಿನ ಸಾಕೆಟ್ ಸೆಟ್ (ಬೋಲ್ಟ್ ತಲೆಯ ಮೇಲೆ ಟೋಪಿಯಂತೆ ಕೂರುವವು), ಒಂದು ಉದ್ದದ ಹ್ಯಾಂಡಲ್. ಟಪಾರಿಯಾ ಕಂಪನಿಯದ್ದು ಸಾಕು. ನಮ್ಮ ಮಾವ ತಂದಿಟ್ಟ ಸ್ಪ್ಯಾನರ್‌ಗಳು ಇನ್ನೂ ದುಡಿಯುತ್ತಿವೆ.

ಸಾಕೆಟ್ ತಗೊಳ್ಳುವಾಗ ಬಾಯಿಯೊಳಗೆ ನೋಡಿ, ಆರು ಮೂಲೆಯದ್ದನ್ನೇ ಕೇಳಿ. ಹನ್ನೆರಡು ಮೂಲೆಯದ್ದು ಹೊಸ ಬೋಲ್ಟಿಗೆ ಪರವಾಗಿಲ್ಲ. ನಮ್ಮ ಮಳೆಗೆ ತುಕ್ಕು ಹಿಡಿದ ಬೋಲ್ಟಿಗೆ ಅದನ್ನು ಹಾಕಿ ಬಲ ಬಿಟ್ಟರೆ ಮೂಲೆ ಸವೆದು ಉರುಟಾಗುತ್ತದೆ. ಆಮೇಲೆ ಉಳಿ, ಸುತ್ತಿಗೆಯೇ ಗತಿ.

ಜೀಪಿಗೆ ಇದೇ ಸೆಟ್ ನಡೆಯಲ್ಲ. ಸ್ವಿಫ್ಟ್ ಮಿಲಿಮೀಟರ್ ಗಾಡಿ, ವಿಲ್ಲಿಸ್ ಇಂಚಿನ ಗಾಡಿ. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಸಡಿಲ. 9/16ಕ್ಕೆ 14 ಹೋಗುವುದೇ ಇಲ್ಲ, 15 ಆಡುತ್ತದೆ. 3/4 ಇಂಚಿಗಾದರೆ 19 ಸರಿಯಾಗಿ ಹೊಂದುತ್ತದೆ. ಹಾಗಾಗಿ 7/16, 1/2, 9/16 ಈ ಮೂರು ಸ್ಪ್ಯಾನರ್ ಬಿಡಿಯಾಗಿ ತಗೊಳ್ಳಿ. ಇನ್ನೊಂದು ವಿಷಯ. ಹಳೆಯ ವಿಲ್ಲಿಸ್‌ನಲ್ಲಿ ಎಡಗಡೆ ಚಕ್ರದ ನಟ್‌ಗಳು ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಗೊತ್ತಿಲ್ಲದವರು ಪೈಪ್ ಸಿಕ್ಕಿಸಿ ಎಳೆದೂ ಎಳೆದೂ ನಟ್ ಕೂರುವ ಸ್ಟಡ್ಡನ್ನೇ ಮುರಿಯುತ್ತಾರೆ.

ವಿರಾಜಪೇಟೆಯಿಂದ:
ಪೆಟ್ಟಿಗೆಯೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಒಂದು ಗುಳಿ ಇರುತ್ತದೆ. ಖಾಲಿ ಗುಳಿ ಕಂಡರೆ ಬಾನೆಟ್ ಮುಚ್ಚುವ ಮೊದಲೇ ಹುಡುಕುತ್ತೇವೆ. ಬಿಡಿಬಿಡಿ ತಗೊಂಡವರ ಸಾಕೆಟ್ ಇಂಜಿನ್ ಕೆಳಗಿನ ಗಾರ್ಡ್ ಮೇಲೆ ಕೂತು ಮೈಸೂರಿಗೆ ಹೋಗಿಬರುತ್ತದೆ! 10 ಮಿ.ಮೀ. ಸಾಕೆಟ್ ಮಾತ್ರ ಎರಡು ಇಟ್ಟುಕೊಳ್ಳಿ. ಬ್ಯಾಟರಿ ಕ್ಲ್ಯಾಂಪಿಗೂ ಅದೇ, ಕಳೆಯುವುದೂ ಅದೇ.

ಭಾಗಮಂಡಲದಿಂದ:
ಸ್ಪ್ಯಾನರ್ ಜಗಳ ಆಮೇಲೆ. ಮೊದಲು ಜಾಕಿ ಮತ್ತು ಒಂದು ಜೊತೆ ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು. ಹೈಡ್ರಾಲಿಕ್ ಜಾಕಿ ಎತ್ತುವುದಕ್ಕೆ, ಹಿಡಿದುಕೊಳ್ಳುವುದಕ್ಕೆ ಅಲ್ಲ. ಒಳಗಿನ ಸೀಲ್ ಯಾವಾಗ ಕೈಕೊಡುತ್ತದೆ ಅಂತ ಹೇಳಲಾಗದು. ಸ್ಟ್ಯಾಂಡ್ ಇಡದೆ ಗಾಡಿ ಕೆಳಗೆ ತಲೆ ಹಾಕಬೇಡಿ. ನಮ್ಮ ಕಡೆ ಶೆಡ್ ಅಂದರೆ ಮಣ್ಣಿನ ನೆಲ, ಅದೂ ಇಳಿಜಾರು, ಅಲ್ವಾ? ಮಳೆಗಾಲದಲ್ಲಿ ಜಾಕಿಯ ಬುಡ ಮಣ್ಣಿಗೆ ಇಳಿಯುತ್ತದೆ. ಎರಡು ಇಂಚು ದಪ್ಪದ ಮರದ ಹಲಗೆ ಕೆಳಗೆ ಹಾಕಿ, ಸ್ಟ್ಯಾಂಡಿಗೂ ಹಾಕಿ. ನೆಲದಲ್ಲಿ ಉಳಿಯುವ ಚಕ್ರಗಳಿಗೆ ಮರದ ತುಂಡು ಕೊಡಿ, ಸಿಕ್ಕಿದ ಕಲ್ಲು ಬೇಡ.

ಮಡಿಕೇರಿಯಿಂದ:
ಒಂದೇ ಒಂದು ಟೂಲ್ ಅಂದರೆ ನಾನು ಮಲ್ಟಿಮೀಟರ್, ಅಂದರೆ ವೋಲ್ಟ್ ಅಳೆಯುವ ಮೀಟರ್ ಅನ್ನುತ್ತೇನೆ. ಕೆಲವೇ ನೂರು ರೂಪಾಯಿಯದ್ದು ಸಾಕು. ಗಾಡಿ ಆಫ್ ಆಗಿ ಕೆಲವು ಗಂಟೆ ಆದ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್. ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. 12.6ರಿಂದ ಮೇಲೇರದಿದ್ದರೆ ಚಾರ್ಜ್ ಆಗ್ತಾ ಇಲ್ಲ, ಸುಮ್ನೆ ಬ್ಯಾಟರಿ ಬದಲಾಯಿಸಬೇಡಿ. ವಿಲ್ಲಿಸ್ ಮೂಲದಲ್ಲಿ 6 ವೋಲ್ಟಿನದ್ದು. ಹೆಚ್ಚಿನವರು 12ಕ್ಕೆ ಬದಲಾಯಿಸಿದ್ದಾರೆ. ನಿಮ್ಮದು ಯಾವುದು ಅಂತ ಮೊದಲು ನೋಡಿ.

ನಮ್ಮ ಜೀಪಿನದ್ದೇ ಉದಾಹರಣೆ. ಸೆಲ್ಫ್ ಹೊಡೆದರೆ ಟಕ್ ಅನ್ನುತ್ತಿತ್ತು, ಇಂಜಿನ್ ತಿರುಗುತ್ತಿರಲಿಲ್ಲ. ಸೆಲ್ಫ್ ಮೋಟಾರ್ ಹೋಗಿದೆ, ಬಿಚ್ಚಿ ಕೊಡಿ ಅಂದರು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೆ, ಕೆಂಪು ಕಡ್ಡಿಯನ್ನು ಇಂಜಿನ್ ಬ್ಲಾಕ್ ಮೇಲೆ ಇಟ್ಟು, ಮಗನಿಗೆ ಸೆಲ್ಫ್ ಹೊಡೆಯೋ ಅಂದೆ. ಎರಡು ವೋಲ್ಟ್ ದಾಟಿತು! ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದ ಜಾಗ ಅದು. ಅಂದರೆ ಅರ್ತ್ ವೈರು ಕೆಟ್ಟಿದೆ. ಅದನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಬಿಗಿದ ಕಡೆ ಬಿಚ್ಚಿದರೆ ಕೆಳಗೆಲ್ಲ ಹಸಿರು ಕಿಲುಬು, ತುಕ್ಕು. ಮರಳು ಕಾಗದದಲ್ಲಿ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದೆವು. ಮೋಟಾರ್ ಮುಟ್ಟಲೇ ಇಲ್ಲ.

ಇಲಿ ಕಡಿದ ವೈರ್ ಹುಡುಕುವುದಕ್ಕೂ ಇದೇ ಮೀಟರ್ ಬೇಕು. ತೋಟದ ಮನೆಯಲ್ಲಿ ಅದು ತಪ್ಪಿದ್ದಲ್ಲ. ಜೊತೆಗೆ ತಲೆಗೆ ಕಟ್ಟುವ ಟಾರ್ಚ್ ತಗೊಳ್ಳಿ. ಜುಲೈನಲ್ಲಿ ಕರೆಂಟ್ ನಂಬಿ ಕೆಲಸಕ್ಕೆ ಇಳಿಯುವವರು ಯಾರಿದ್ದಾರೆ?

ನಾಪೋಕ್ಲುವಿನಿಂದ:
ತಗೊಂಡದ್ದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಟೂಲ್‌ಗಳನ್ನು ಗೋಣಿಚೀಲದಲ್ಲಿ ಸುತ್ತಿಡಬೇಡಿ, ತೇವ ಹೀರುತ್ತದೆ. ಪ್ಲಾಸ್ಟಿಕ್ ಡಬ್ಬಿ, ಎಣ್ಣೆ ಬಟ್ಟೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಕೆಲಸ ಮುಗಿದಾಗ ಇಂಜಿನ್ ಆಯಿಲ್ ಸವರಿ ಒರೆಸಿಡಿ. ಡಬ್ಲ್ಯೂಡಿ-40 ಹೊಡೆದರೆ ಆಯ್ತು ಅಂದುಕೊಳ್ಳುವವರಿದ್ದಾರೆ. ನೀರು ದೂರ ಮಾಡಲು 1953ರಲ್ಲಿ ಅಮೆರಿಕದಲ್ಲಿ ಮಾಡಿದ ಎಣ್ಣೆ ಅದು. ತೆಳು, ಬೇಗ ಆರಿಹೋಗುತ್ತದೆ. ನಮ್ಮ ಇಡೀ ಮಳೆಗಾಲಕ್ಕೆ ಸಾಲದು.

ಸುಂಟಿಕೊಪ್ಪದಿಂದ:
ಎಲ್ಲರಿಗೂ ಥ್ಯಾಂಕ್ಸ್. ಪೆಟ್ಟಿಗೆ ಕ್ಯಾನ್ಸಲ್, ವಿರಾಜಪೇಟೆಯವರು ಬೇಜಾರಾಗಬೇಡಿ. ಜಾಕಿ, ಸ್ಟ್ಯಾಂಡ್, ಸ್ಪ್ಯಾನರ್, ಮೀಟರ್ ಲೆಕ್ಕ ಹಾಕಿದರೆ ಇನ್ನೂ ಸ್ವಲ್ಪ ದುಡ್ಡು ಉಳಿಯುತ್ತದೆ. ಟಾರ್ಕ್ ರೆಂಚ್ (ಬೇಕಾದಷ್ಟು ಬಿಗಿಯಾದಾಗ ಟಕ್ ಅನ್ನುವ ಹ್ಯಾಂಡಲ್) ತಗೊಳ್ಳಲಾ, ಬ್ಯಾಟರಿ ಇಂಪ್ಯಾಕ್ಟ್ ಗನ್ (ನಟ್ ಬಿಚ್ಚಿ ಬಿಗಿಯುವ ಮೆಷಿನ್) ತಗೊಳ್ಳಲಾ?

ಸೋಮವಾರಪೇಟೆಯಿಂದ:
ಟಾರ್ಕ್ ರೆಂಚ್. ಗನ್ ಸಮಯ ಉಳಿಸುತ್ತದೆ, ನಿಮಗೆ ಎರಡು ಗಾಡಿಗೆ ಅಷ್ಟು ಅವಸರ ಏನಿದೆ? ಸ್ವಿಫ್ಟ್‌ನ ಇಂಜಿನ್ ಹೆಡ್ ಅಲ್ಯುಮಿನಿಯಂ. ಸ್ಪಾರ್ಕ್ ಪ್ಲಗ್ ಜಾಸ್ತಿ ಬಿಗಿದರೆ ಥ್ರೆಡ್ ಕಿತ್ತುಬರುತ್ತದೆ, ಆ ರಿಪೇರಿಗೆ ಹತ್ತು ರೆಂಚಿನ ದುಡ್ಡು ಬೇಕು. ಎಷ್ಟು ಬಿಗಿಯಬೇಕು ಅಂತ ಗಾಡಿಯ ಪುಸ್ತಕದಲ್ಲಿ ನೋಡಿ. ಟಕ್ ಅಂದ ಕೂಡಲೇ ಕೈ ಬಿಡಿ. ಕೆಲಸ ಆದ ಮೇಲೆ ಹಿಡಿಯನ್ನು ಅತಿ ಕಡಿಮೆ ಅಂಕಿಗೆ ತಿರುಗಿಸಿಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ನಟ್ ಬಿಚ್ಚುವುದಕ್ಕೆ ಮಾತ್ರ ಅದನ್ನು ಹಿಡಿಯಬೇಡಿ, ಉದ್ದ ಹ್ಯಾಂಡಲ್ ಇದೆಯಲ್ಲ.